ನಾಲ್ಕು ಸಾವಿರ ರೂಪಾಯಿಯಲ್ಲಿ ಟೋಪಾಲಜಿಕಲ್ ಸರಪಳಿ: ನನ್ನ ಅನುಭವ

ಇಂಡಕ್ಟರು, ಕೆಪಾಸಿಟರುಗಳಿಂದಲೇ ಟೋಪಾಲಜಿಕಲ್ ಸರಪಳಿ, ಅಂದರೆ ಕೊಂಡಿಗಳ ಕ್ರಮದಿಂದಲೇ ತುದಿಯಲ್ಲಿ ವಿಶೇಷ ಕಂಪನ ಹುಟ್ಟುವ ಸರ್ಕ್ಯೂಟ್, ಕಟ್ಟುತ್ತೇನೆ ಅಂದಿದ್ದೆ. "ಮೇಡಂ, ಅದಕ್ಕೆ ದೊಡ್ಡ ಲ್ಯಾಬ್ ಬೇಕು. ನೀವು ಮಾಡೋದು ಸುಮ್ನೆ ಒಂದು ಫಿಲ್ಟರ್ ಆಗುತ್ತೆ ಅಷ್ಟೆ" ಅಂದಿದ್ದರು ನಮ್ಮ ವಿಭಾಗದ ಹಿರಿಯರೊಬ್ಬರು. ಹೋದ ತಿಂಗಳು 89 ಕಿಲೋಹರ್ಟ್ಸ್ ಹತ್ತಿರ ತುದಿಯ ಪೀಕ್ (ಸರಪಳಿಯ ತುದಿಯಲ್ಲಿ ಮಾತ್ರ ಸಿಗ್ನಲ್ ಜೋರಾಗುವುದು) ಎದ್ದು ನಿಂತಿತು. ಮೊದಲು ಅವರನ್ನೇ ಕರೆದು ತೋರಿಸಿದೆ.

ನನ್ನದು 20 ನೋಡುಗಳ (ಕೊಂಡಿಗಳು ಸೇರುವ ಬಿಂದುಗಳ) ಎಸ್‌ಎಸ್‌ಎಚ್ (ಸೂ-ಶ್ರೀಫರ್-ಹೀಗರ್, ಅಂದರೆ ದುರ್ಬಲ, ಬಲವಾದ ಕೊಂಡಿಗಳು ಒಂದು ಬಿಟ್ಟು ಒಂದು ಬರುವ ಮಾದರಿ) ಸರಪಳಿ. ಪ್ರತಿ ನೋಡಿನಿಂದ ಗ್ರೌಂಡಿಗೆ 10 ಮೈಕ್ರೋಹೆನ್ರಿ ಇಂಡಕ್ಟರ್. ನೋಡುಗಳ ನಡುವೆ ಕೊಂಡಿಗಳಾಗಿ 100, 220 ನ್ಯಾನೋಫ್ಯಾರಡ್ ಕೆಪಾಸಿಟರುಗಳು ಒಂದು ಬಿಟ್ಟು ಒಂದು. ತುದಿಯ ಕೊಂಡಿ 100 ಇದ್ದರೆ ಟೋಪಾಲಜಿಕಲ್, 220 ಇದ್ದರೆ ತುದಿಯ ಪೀಕ್ ಇಲ್ಲದ ಸಾದಾ ಇನ್ಸುಲೇಟರ್.

ಬ್ರೆಡ್‌ಬೋರ್ಡಿನಲ್ಲಿ ಮಾಡಿದ್ದು ಪೂರ್ತಿ ದಂಡ. ಇಂಡಕ್ಟರಿನ ರಿಯಾಕ್ಟೆನ್ಸೇ (ಆ ಆವರ್ತನದಲ್ಲಿ ಅದು ಒಡ್ಡುವ ತಡೆ) ಐದೂವರೆ ಓಮ್, ಅದರ ಮುಂದೆ ಸಡಿಲ ಕಾಂಟ್ಯಾಕ್ಟ್ ಏನು ಕಮ್ಮಿಯೇ? ಬೆಸುಗೆ ಹಾಕಿದ ಮೇಲೂ ಪೀಕ್ ಬರೀ ಗುಡ್ಡೆಯಂತೆ ಕಂಡಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಂದಿದ್ದ, ರೆಸಿಸ್ಟರ್ ಥರದ ಅಗ್ಗದ ಇಂಡಕ್ಟರುಗಳ ತಂತಿ ತೀರಾ ಸಪೂರ, ಹಾಗಾಗಿ ರೆಸಿಸ್ಟೆನ್ಸ್ ಜಾಸ್ತಿ. ಸುಮಾರು 1,200 ರೂಪಾಯಿ ಅಲ್ಲೇ ಹೋಯಿತು. ಆಮೇಲೆ ದಪ್ಪ ತಂತಿಯ 60 ತಂದೆ. ಎಲ್‌ಸಿಆರ್ ಮೀಟರ್ (ಇಂಡಕ್ಟನ್ಸ್ ಅಳೆಯುವ ಉಪಕರಣ) ಎರವಲು ತಂದು ಒಂದೊಂದನ್ನೂ ಅಳೆದು 20 ಆರಿಸಿದೆ. ಕೆಪಾಸಿಟರ್ ಫಿಲ್ಮಿನದೇ ಇರಲಿ, ಸೆರಾಮಿಕ್ ಬೇಡ. ಪಕ್ಕಪಕ್ಕದ ಇಂಡಕ್ಟರುಗಳು ಕಾಂತಕ್ಷೇತ್ರದಿಂದ ಒಂದರ ಮೇಲೊಂದು ಪ್ರಭಾವ ಬೀರದ ಹಾಗೆ ಕೂರಿಸಲು ನನ್ನದೇ ಒಂದು ಕ್ರಮವಿದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಇಷ್ಟಾದರೂ ಎರಡು ವಾರ ಪೀಕ್ ಜಾಗದಲ್ಲಿರಲಿಲ್ಲ. ತುದಿಯ ನೋಡಿಗೆ ಒಂದೇ ಕಡೆ ಕೊಂಡಿ, ಅಲ್ವಾ? ಇಲ್ಲದ ಇನ್ನೊಂದು ಕೊಂಡಿಯ ಬದಲು 220 ಅನ್ನು ಗ್ರೌಂಡಿಗೆ ಹಾಕಬೇಕಿತ್ತು. ಹಾಕಿದ ತಕ್ಷಣ ಪೀಕ್ ಬಂತು. ಎರಡನೇ ನೋಡಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ, ಮೂರನೆಯದರಲ್ಲಿ ಮೊದಲಿನದರ ಅರ್ಧಕ್ಕಿಂತ ಕಡಿಮೆ. ಲೆಕ್ಕದಲ್ಲಿ ಬಂದಿದ್ದೂ ಅದೇ.

ಆಮೇಲೆ ಪ್ರತಿ 100ರ ಪಕ್ಕಕ್ಕೆ ಪ್ಯಾರಲಲ್ ಆಗಿ 47, ನಂತರ ಅದರ ಬದಲು 100 ಹಾಕಿದೆ. ಪೀಕ್ ತಗ್ಗುತ್ತಾ ಒಳಗಿನ ನೋಡುಗಳಿಗೆ ಹರಡಿತು. 120 ಹಾಕಿ ಎರಡೂ ಕೊಂಡಿ ಸಮ ಮಾಡಿದಾಗ ಗ್ಯಾಪ್ (ಸಿಗ್ನಲ್ ಸರಪಳಿಯೊಳಗೆ ಸಾಗದ ಆವರ್ತನಗಳ ಪಟ್ಟಿ) ಮುಚ್ಚಿಹೋಯಿತು. ಕೊನೆಗೆ ತುದಿಗೆ 220 ಕೊಂಡಿ, ಗ್ರೌಂಡಿಗೆ 100 ಹಾಕಿ ಅದಲುಬದಲು ಮಾಡಿದೆ. ಗ್ಯಾಪ್ ಮತ್ತೆ ಮೊದಲಿನ ಜಾಗದಲ್ಲೇ, 76ರಿಂದ 112 ಕಿಲೋಹರ್ಟ್ಸ್ ವರೆಗೆ ತೆರೆಯಿತು. ಆದರೆ ಪೀಕ್ ಇಲ್ಲ. ಅದೇ ಇಂಡಕ್ಟರುಗಳು, ಅದೇ ಎರಡು ಬೆಲೆಯ ಕೆಪಾಸಿಟರುಗಳು! ಅವತ್ತು ರಾತ್ರಿ ಒಂಬತ್ತಾದರೂ ಲ್ಯಾಬ್ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು.

ಈಗ ಒಂದು ನೋಡ್ ಜಾಸ್ತಿ ಮಾಡಿ, ನಟ್ಟನಡುವಿನ ನೋಡಿನ ಎರಡೂ ಕಡೆ 100 ಕೊಂಡಿ ಹಾಕಿದ್ದೇನೆ. ಉಳಿದ ನೋಡುಗಳಂತೆ ಒಟ್ಟು 320 ಆಗಲು ಅದಕ್ಕೆ ಗ್ರೌಂಡಿಗೆ 120 ಹೆಚ್ಚುವರಿ ಬೇಕು. ತುದಿಗಳಲ್ಲಿ ಏನೂ ಇಲ್ಲ, ಪೀಕ್ ಸಾಲಿನ ಮಧ್ಯದಲ್ಲಿ ಬಂದು ಕೂತಿದೆ.