ಕಡಿಮೆ ಓಡುವ ಕಾರಿಗೆ ವರ್ಷಕ್ಕೆ ಎರಡು ಸಲ ಆಯಿಲ್: ಮಡಿಕೇರಿಯಲ್ಲಿ ನನ್ನ ಅನುಭವ

ನನ್ನ ಪೆಟ್ರೋಲ್ ಕಾರು ವರ್ಷಕ್ಕೆ 4,000 ಕಿಲೋಮೀಟರ್ ಓಡಿದರೆ ಹೆಚ್ಚು. ಮನೆಯಿಂದ ಬ್ಯಾಂಕಿಗೆ, ಸಂಜೆ ಮಗಳ ಶಾಲೆಗೆ, ಅಲ್ಲಿಂದ ಮಾರುಕಟ್ಟೆಗೆ. ಮಡಿಕೇರಿಯಂಥ ಊರಿನಲ್ಲಿ ನನಗೆ ಬೇಕಾದದ್ದೆಲ್ಲ ಮೂರು ಕಿಲೋಮೀಟರ್ ಒಳಗೇ ಸಿಗುತ್ತದೆ. ಆದರೂ ಈ ಕಾರಿಗೆ ವರ್ಷಕ್ಕೆ ಎರಡು ಸಲ ಎಂಜಿನ್ ಆಯಿಲ್ ಬದಲಿಸುತ್ತೇನೆ, ಅದೂ ಪೂರ್ತಿ ಸಿಂಥೆಟಿಕ್, ಅಂದರೆ ರಾಸಾಯನಿಕವಾಗಿ ತಯಾರಿಸಿದ ಆಯಿಲ್. ದಿನಾ ಹೆದ್ದಾರಿಯಲ್ಲಿ ಓಡಾಡುವ ಸಹೋದ್ಯೋಗಿಗಳು ವರ್ಷಕ್ಕೊಮ್ಮೆ ಬದಲಿಸಿ ಸುಮ್ಮನಿರುತ್ತಾರೆ. ಅವರ ಪಾಲಿಗೆ ಅದು ಸರಿ, ನನ್ನ ಪಾಲಿಗೆ ಇದು ಸರಿ. ಹೇಗೆಂದು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ "ಕಡಿಮೆ ಓಡಿದ ಗಾಡಿ, ಆಯಿಲ್ ಇನ್ನೂ ಹೊಸದಿದ್ದ ಹಾಗೇ ಇದೆ" ಎಂಬ ಮಾತನ್ನು ಗ್ಯಾರೇಜಿನಲ್ಲೂ ನೆಂಟರ ಮನೆಯಲ್ಲೂ ಕೇಳಿ ಕೇಳಿ ನನಗೆ ಸಾಕಾಗಿದೆ.

ನಮ್ಮಲ್ಲಿ ಹೆಚ್ಚಿನ ಪೆಟ್ರೋಲ್ ಕಾರುಗಳ ಕೈಪಿಡಿಯಲ್ಲಿ ಆಯಿಲ್ ಬದಲಿಸಲು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಲೆಕ್ಕ. ಎಲ್ಲರೂ ಈ ಸಾಲನ್ನು ಓದಿ ಕೈಪಿಡಿ ಮುಚ್ಚಿಡುತ್ತಾರೆ. ಅದೇ ಕೈಪಿಡಿಯಲ್ಲಿ ಕಠಿಣ ಬಳಕೆಯ ಗಾಡಿಗೆ ಬೇರೆಯೇ ಪಟ್ಟಿ ಇರುತ್ತದೆ. ಕಠಿಣ ಎಂದರೆ ಧೂಳು, ಭಾರ, ಘಾಟಿ ರಸ್ತೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿ ಪದೇ ಪದೇ ಮಾಡುವ ಸಣ್ಣ ಓಡಾಟವೂ ಸೇರಿದೆ. ಹೋಂಡಾ ಅಮೆರಿಕದ ತನ್ನ ಗ್ರಾಹಕರಿಗೆ ಕೊಟ್ಟ ಕೈಪಿಡಿಗಳಲ್ಲಿ ಇದಕ್ಕೆ ಅಳತೆಯನ್ನೇ ಹೇಳಿದೆ: ಒಂದು ಸಲಕ್ಕೆ 8 ಕಿಲೋಮೀಟರ್‌ಗಿಂತ ಕಡಿಮೆ ಓಡಿಸಿದರೆ ಅದು ಕಠಿಣ ಬಳಕೆ, ನೀರು ಹೆಪ್ಪುಗಟ್ಟುವ ಚಳಿಯಲ್ಲಾದರೆ 16 ಕಿಲೋಮೀಟರ್‌ಗಿಂತ ಕಡಿಮೆ ಓಡಿಸಿದರೂ ಕಠಿಣವೇ. ಟೊಯೋಟಾ ಕೂಡ ಅಲ್ಲಿ 0ಡಬ್ಲ್ಯು-20 (ಡಬ್ಲ್ಯು ಜೊತೆಗಿನ ಅಂಕಿ ಚಳಿಯಲ್ಲಿ ಹರಿಯುವ ಗುಣ, ಕೊನೆಯದು ಬಿಸಿಯಲ್ಲಿನ ದಪ್ಪ) ಸಿಂಥೆಟಿಕ್ ಆಯಿಲ್‌ಗೆ ಸುಮಾರು 16,000 ಕಿಲೋಮೀಟರ್ ಅಥವಾ ಒಂದು ವರ್ಷದ ಅವಧಿ ಕೊಟ್ಟು, ಕಠಿಣ ಬಳಕೆಗೆ ಅದನ್ನು ಅರ್ಧಕ್ಕೆ ಇಳಿಸಿದೆ. ಸಿಂಥೆಟಿಕ್ ಹಾಕಿದ್ದೇವೆ ಎಂದು ಈ ವಿಷಯದಲ್ಲಿ ಯಾರೂ ರಿಯಾಯಿತಿ ಕೊಟ್ಟಿಲ್ಲ.

ಅದಕ್ಕೆ ಕಾರಣ ಎಂಜಿನ್ನಿನ ಒಳಗಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗೆ, ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಆ ಆವಿಯನ್ನು ಪಿಸಿವಿ ವಾಲ್ವ್ ಹೊರಗೆಳೆದು ಮತ್ತೆ ಉರಿಯಲು ಕಳಿಸುತ್ತದೆ. ಎಂಜಿನ್ ತಣ್ಣಗಿದ್ದರೆ, ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವಂತೆ, ಆವಿ ಲೋಹಕ್ಕೆ ತಾಗಿ ನೀರಾಗಿ ಆಯಿಲ್‌ಗೆ ಬೀಳುತ್ತದೆ.

ಪೆಟ್ರೋಲಿನ ಪಾಡೂ ಇದೇ. ತಣ್ಣನೆಯ ಎಂಜಿನ್ ಚಾಲೂ ಆಗಬೇಕಾದರೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತದೆ. ಅದೆಲ್ಲವೂ ಆವಿಯಾಗದೆ, ಒಂದಿಷ್ಟು ಸಿಲಿಂಡರ್ ಗೋಡೆಯ ಮೇಲೆ ಹನಿಯಾಗಿ ಕುಳಿತು, ಗೋಡೆಗೆ ರಕ್ಷಣೆಯಾಗಿದ್ದ ಆಯಿಲ್ ಪದರವನ್ನೇ ತೊಳೆದುಕೊಂಡು ಕೆಳಗಿಳಿಯುತ್ತದೆ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಇದೆ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಡುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ತಣ್ಣನೆಯ ಎಂಜಿನ್ನಿಗೆ ಇವೆರಡೂ ಒಳ್ಳೆಯದಲ್ಲ.

ಹಾಗಾದರೆ ಎಂಜಿನ್ ಬಿಸಿಯಾಗಲು ಎಷ್ಟು ಹೊತ್ತು ಬೇಕು? ಇದನ್ನು ಊಹೆಗೆ ಬಿಡದೆ, ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಎಂಜಿನ್ನಿನ ಮಾಹಿತಿ ಓದುವ ಸಣ್ಣದೊಂದು ಒಬಿಡಿ ಅಡಾಪ್ಟರ್ ಸಿಕ್ಕಿಸಿ ಮೊಬೈಲ್‌ನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವದ ತಾಪಮಾನ ನೋಡಿದೆ. ಜುಲೈ ತಿಂಗಳ ಬೆಳಿಗ್ಗೆ, ಹೊರಗೆ ಜಡಿಮಳೆ, ಎದುರಿನ ಗುಡ್ಡ ಕಾಣದಷ್ಟು ಮಂಜು. ಬ್ಯಾಂಕಿನ ಗೇಟಿನೊಳಗೆ ತಿರುಗುವಾಗ ಕೂಲೆಂಟ್ 60 ಡಿಗ್ರಿಯ ಆಸುಪಾಸಿನಲ್ಲಿತ್ತು. ಡ್ಯಾಶ್‌ಬೋರ್ಡಿನ ನೀಲಿ ದೀಪ ಅದಾಗಲೇ ಆರಿತ್ತು. ದೀಪ ಆರಿತು, ಎಂಜಿನ್ ಬಿಸಿಯಾಯಿತು ಎಂದು ನಂಬುವವರೇ ಹೆಚ್ಚು. ನಿಜದಲ್ಲಿ ಆಯಿಲ್ ಬಿಸಿಯಾಗುವುದು ಕೂಲೆಂಟ್ ಆದ ಎಷ್ಟೋ ಹೊತ್ತಿನ ಮೇಲೆ. ಕೂಲೆಂಟ್ 60 ಇದ್ದರೆ ಆಯಿಲ್ ಅದಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಬೆರೆತ ನೀರು, ಪೆಟ್ರೋಲು ಚೆನ್ನಾಗಿ ಹಾರಿಹೋಗಬೇಕಾದರೆ ಆಯಿಲ್ 90 ಡಿಗ್ರಿಯ ಸುತ್ತ ಬಂದು ಅಲ್ಲೇ ಒಂದಷ್ಟು ಹೊತ್ತು ನಿಲ್ಲಬೇಕು. ನನ್ನ ದಿನದ ಓಡಾಟದಲ್ಲಿ ಅದು ಆಗುವ ಮಾತೇ ಇಲ್ಲ.

ಸಿಂಥೆಟಿಕ್ ಆಯಿಲ್ ಬಗ್ಗೆ ನನಗೆ ಗೌರವವಿದೆ. ಬಿಸಿಗೆ ಬೇಗ ಕೆಡುವುದಿಲ್ಲ, ಚಳಿಯಲ್ಲಿ ಬೇಗ ಹರಿಯುತ್ತದೆ, ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಮೇಲಿನ ಕ್ಯಾಮ್‌ಶಾಫ್ಟ್ ತನಕ ಚುರುಕಾಗಿ ತಲುಪುತ್ತದೆ. ಸದಾ ತಣ್ಣಗೆ ಚಾಲೂ ಆಗುವ ನನ್ನ ಕಾರಿಗೆ ಇದು ಬೇಕೇ ಬೇಕು. ಆದರೆ ಹೊರಗಿನಿಂದ ಬಂದು ಬೆರೆಯುವ ನೀರು, ಪೆಟ್ರೋಲನ್ನು ತಡೆಯುವ ಶಕ್ತಿ ಸಿಂಥೆಟಿಕ್‌ಗೂ ಇಲ್ಲ. ಆ ನೀರಿಗೆ ಉರಿದ ಅನಿಲಗಳು ಸೇರಿ ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸಲು ಹಾಕಿರುವ ರಾಸಾಯನಿಕಗಳು ಇದರಲ್ಲೂ ಖರ್ಚಾಗುತ್ತವೆ. ದುಬಾರಿ ಆಯಿಲ್ ಹಾಕಿ ಎರಡು ವರ್ಷ ಬಿಡುವುದಕ್ಕಿಂತ, ಕಂಪನಿ ಹೇಳಿದ ಗುಣಮಟ್ಟದ ಸಾಧಾರಣ ಬೆಲೆಯ ಸಿಂಥೆಟಿಕ್ ಹಾಕಿ ಆರು ತಿಂಗಳಿಗೆ ಬದಲಿಸುವುದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನನ್ನ ಕಾರಿನ ಕೈಪಿಡಿ 0ಡಬ್ಲ್ಯು-20, 5ಡಬ್ಲ್ಯು-30 ಎರಡಕ್ಕೂ ಒಪ್ಪಿದೆ. ನಾನು ಹಾಕುವುದು 5ಡಬ್ಲ್ಯು-30, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ (ಎಪಿಐ) ಎಸ್‌ಪಿ ಎಂಬ ಗುಣಮಟ್ಟದ ದರ್ಜೆಯದ್ದು. 100 ಡಿಗ್ರಿಯಲ್ಲಿ 20ರ ಆಯಿಲಿನ ಸ್ನಿಗ್ಧತೆ, ಅಂದರೆ ದಪ್ಪದ ಅಳತೆ, 6.9ರಿಂದ 9.3 ಸೆಂಟಿಸ್ಟೋಕ್ಸ್, 30ರದ್ದು 9.3ರಿಂದ 12.5. ಪೆಟ್ರೋಲ್ ಬೆರೆತು ತೆಳುವಾಗುವುದು ಖಚಿತವಾಗಿರುವಾಗ, ತೆಳುವಾಗಲು ಸ್ವಲ್ಪ ಜಾಗವಿರುವ ಆಯಿಲೇ ನನಗೆ ಬೇಕು. ನಮ್ಮ ಊರಿನ ಚಳಿಗೆ 5ಡಬ್ಲ್ಯು ಧಾರಾಳ ಸಾಕು. ಕೈಪಿಡಿಯಲ್ಲಿ ಒಂದೇ ದರ್ಜೆ ಇದ್ದವರು ಮಾತ್ರ ಅದನ್ನೇ ಹಾಕಬೇಕು.

ಆಯಿಲ್ ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಬಣ್ಣದಿಂದ ಖಂಡಿತ ಅಲ್ಲ. ಕಪ್ಪಾಗಿದ್ದರೆ ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ನಾನು ಮೊದಲು ನೋಡುವುದು ಆಯಿಲ್ ತುಂಬುವ ಮುಚ್ಚಳದ ಒಳಭಾಗ. ಆಗಸ್ಟ್ ಹೊತ್ತಿಗೆ ಅಲ್ಲಿ ಬೆಣ್ಣೆ ಬಣ್ಣದ ಲೇಪ ಕೂತಿರುತ್ತದೆ. ಬೆರಳಿನಿಂದ ತೆಗೆದರೆ ಜಾರುವ ಕೆನೆ, ಉಜ್ಜಿದರೆ ಒಳಗಿಂದ ನೀರಿನ ತೇವ. ಇದನ್ನು ಕಂಡು, ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಹೆದರಿಸುವ ಮೆಕ್ಯಾನಿಕ್‌ಗಳಿದ್ದಾರೆ. ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿಯದೆ, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಮೇಲಿನ ಆಯಿಲ್ ಹಾಲಿನಂತಾಗದೆ, ಲೇಪ ಮುಚ್ಚಳದಲ್ಲಿ ಮಾತ್ರ ಇದ್ದರೆ ಅದು ಹನಿಗಟ್ಟಿದ ನೀರು. ಒರೆಸಿ ದೂರ ಓಡಿಸಿದರೆ ಹೋಗುತ್ತದೆ. ಕೂಲೆಂಟ್ ಇಳಿಯುತ್ತಿದ್ದರೆ, ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಗಾಡಿ ನಿಲ್ಲಿಸಿ ತೋರಿಸಲೇಬೇಕು.

ಎರಡನೆಯದು ಡಿಪ್‌ಸ್ಟಿಕ್. "ಮೇಡಂ, ಆರು ತಿಂಗಳಾದರೂ ಆಯಿಲ್ ಒಂದು ಗೆರೆಯೂ ಇಳಿದಿಲ್ಲ, ಎಂಜಿನ್ ತುಂಬಾ ಚೆನ್ನಾಗಿದೆ" ಎಂದು ನಮ್ಮ ಮೆಕ್ಯಾನಿಕ್ ಒಮ್ಮೆ ಹೇಳಿದರು. "ಅಣ್ಣ, ಒಮ್ಮೆ ಮೂಸಿ ನೋಡಿ" ಎಂದೆ. ಮೂಸಿದವರು ಇನ್ನೊಮ್ಮೆ ಮೂಸಿದರು. ಪೆಟ್ರೋಲ್ ವಾಸನೆ ಸ್ಪಷ್ಟವಾಗಿತ್ತು. ಸುಟ್ಟುಹೋದ ಆಯಿಲಿನ ಜಾಗವನ್ನು ಪೆಟ್ರೋಲ್ ತುಂಬಿದರೆ ಮಟ್ಟ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ ಕೂಡ. ಸಣ್ಣ ಓಡಾಟದ ಕಾರಿನಲ್ಲಿ ಏರಿದ ಮಟ್ಟ ಕಂಡರೆ ನಾನು ತಿಂಗಳ ಲೆಕ್ಕಕ್ಕೂ ಕಾಯುವುದಿಲ್ಲ.

ಮೂರನೆಯದು ಕಾಫಿ ಸೋಸುವ ಕಾಗದ. ಡಿಪ್‌ಸ್ಟಿಕ್ಕಿನಿಂದ ಒಂದು ಹನಿ ಅದರ ಮೇಲೆ ಬಿಟ್ಟು, ಲೋಟದ ಬಾಯಿಗೆ ಅಡ್ಡ ಇಟ್ಟು ಮರುದಿನ ನೋಡುತ್ತೇನೆ. ಮಸಿ ನಡುವಿನಿಂದ ಅಂಚಿನವರೆಗೆ ಸಮನಾಗಿ ಹರಡಿದ್ದರೆ ಆಯಿಲಿನ ಶುಚಿ ಮಾಡುವ ಗುಣ ಉಳಿದಿದೆ. ನಡುವೆ ಕಡುಕಪ್ಪು ಚುಕ್ಕೆಯಾಗಿ ನಿಂತು ಸುತ್ತ ಗೆರೆ ಕೊರೆದಂತಿದ್ದರೆ ಆ ಗುಣ ಮುಗಿದಿದೆ. ಹೊರಗಿನ ತಿಳಿ ವರ್ತುಲ ತೀರಾ ಅಗಲವಾಗಿದ್ದರೆ ಇಂಧನ ಬೆರೆತಿರುವ ಸೂಚನೆ. ಪ್ರಯೋಗಾಲಯದ ವರದಿಯ ನಿಖರತೆ ಇದಕ್ಕಿಲ್ಲ. ಆದರೆ ಪ್ರತಿ ಸಲದ ಕಾಗದವನ್ನೂ ದಿನಾಂಕ ಬರೆದು ಇಟ್ಟುಕೊಂಡಿದ್ದೇನೆ. ಬೇಸಿಗೆಯ ಕಾಗದವನ್ನೂ ಮಳೆಗಾಲದ ಕಾಗದವನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಯಾರಿಗೂ ಕಾಣುತ್ತದೆ.

ಈ ವ್ಯತ್ಯಾಸ ನೋಡಿಯೇ ನನ್ನ ದಿನಗಳನ್ನು ಗೊತ್ತುಮಾಡಿಕೊಂಡೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಜಿನ್ ಒಣಗುವುದೇ ಇಲ್ಲ. ಮಳೆಗಾಲ ಪೂರ್ತಿ ನೆನೆದ ಆಯಿಲನ್ನು ಆಯುಧ ಪೂಜೆಗೆ ಮುಂಚೆ ತೆಗೆಯುತ್ತೇನೆ. ಹೇಗೂ ಆಗ ಗಾಡಿ ತೊಳೆದು ಶುಚಿ ಮಾಡುವ ವಾಡಿಕೆ ಇದ್ದೇ ಇದೆ. ಇನ್ನೊಂದು ಬದಲಾವಣೆ ಯುಗಾದಿಯ ಹೊತ್ತಿಗೆ. ಎರಡು ಹಬ್ಬಗಳ ನಡುವೆ ಸರಿಸುಮಾರು ಆರು ತಿಂಗಳು, ನೆನಪಿಡಲು ಬೇರೆ ಏನೂ ಬೇಡ. ಬಯಲುಸೀಮೆಯ ಒಣ ಹವೆಯಲ್ಲಿ, ವಾರಕ್ಕೊಮ್ಮೆಯಾದರೂ ದೂರ ಓಡುವ ಕಾರಿಗೆ ಎಂಟು–ಒಂಬತ್ತು ತಿಂಗಳು ನಡೆಯಬಹುದು. ಒಂದು ವರ್ಷ ದಾಟಿಸುವುದನ್ನು ಮಾತ್ರ ಯಾವ ಊರಿನಲ್ಲೂ ನಾನು ಒಪ್ಪುವುದಿಲ್ಲ.

ಬದಲಿಸುವುದರ ಜೊತೆಗೆ ಓಡಿಸುವ ರೀತಿಯೂ ಬದಲಾಗಿದೆ. ಶಾಲೆ, ಮಾರುಕಟ್ಟೆ, ಔಷಧಿ ಅಂಗಡಿ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತೇನೆ, ಆಗ ಎಂಜಿನ್ ಒಮ್ಮೆ ಮಾತ್ರ ತಣ್ಣಗಿನಿಂದ ಏಳುತ್ತದೆ. ಅಂಗಳದಲ್ಲಿ ಹತ್ತು ನಿಮಿಷ ಚಾಲೂ ಮಾಡಿ ಬಿಸಿ ಮಾಡುವ ಅಭ್ಯಾಸ ಕೊಡಗಿನಲ್ಲಿ ಬಹಳ ಮನೆಗಳಲ್ಲಿದೆ. ನಿಂತ ಗಾಡಿಯ ಎಂಜಿನ್ ಬಿಸಿಯಾಗುವುದು ನಿಧಾನ, ಅಷ್ಟೂ ಹೊತ್ತು ಹೆಚ್ಚುವರಿ ಪೆಟ್ರೋಲ್ ಒಳಗೆ ಇಳಿಯುತ್ತಿರುತ್ತದೆ. ಅರ್ಧ ನಿಮಿಷ ಸಾಕು. ಆಮೇಲೆ ಎಂಜಿನ್ನಿಗೆ ಒತ್ತಡ ಕೊಡದೆ ನಿಧಾನವಾಗಿ ಹೊರಟರೆ ಆಯಿತು. ಶೆಡ್ಡಿನಿಂದ ತೆಗೆದು ಪಕ್ಕಕ್ಕೆ ನಿಲ್ಲಿಸಿ ತಕ್ಷಣ ಆಫ್ ಮಾಡುವುದು ಇನ್ನೂ ಕೆಟ್ಟದ್ದು.

ಎರಡು ವಾರಕ್ಕೊಮ್ಮೆ ಕುಶಾಲನಗರಕ್ಕೆ ಹೋಗಿ ಬರುತ್ತೇನೆ. ಹೋಗುವಾಗ ಸುಂಟಿಕೊಪ್ಪದವರೆಗೆ ಇಳಿಜಾರೇ ಹೆಚ್ಚು. ಗೇರಿನಲ್ಲಿಟ್ಟು ಕಾಲು ತೆಗೆದರೆ ಇಂಧನವೇ ನಿಂತುಹೋಗುವುದರಿಂದ ಎಂಜಿನ್ ಅಷ್ಟೇನೂ ಬಿಸಿಯಾಗುವುದಿಲ್ಲ. ಕೆಲಸ ಮಾಡುವುದು ಹಿಂದಿರುಗುವಾಗಿನ ಏರು. ಸುಮಾರು 30 ಕಿಲೋಮೀಟರ್ ಹತ್ತಿ ಮನೆಗೆ ಬಂದು ನಿಲ್ಲಿಸಿ ಮುಚ್ಚಳ ತೆಗೆದರೆ ಬೆಣ್ಣೆಯಂಥ ಲೇಪ ಕರಗಿ ಹೋಗಿರುತ್ತದೆ.

ಆಯಿಲ್ ತೆಗೆಯುವುದೂ ಹಾಗೆ ಬಂದ ದಿನವೇ. ಬಿಸಿ ಆಯಿಲ್ ಕೊಳೆಯನ್ನೂ ಹೊತ್ತುಕೊಂಡು ಪೂರ್ತಿ ಇಳಿಯುತ್ತದೆ. ಕೈ ಸುಡದಷ್ಟು ಆರಿದ ಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಡ್ರೈನ್ ಬೋಲ್ಟ್ ಬಿಚ್ಚುತ್ತೇನೆ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬಾರದು. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು, ಫಿಲ್ಟರ್ ಕೂಡ ಹೊಸದು. ಹಳೆಯ ಫಿಲ್ಟರಿನಲ್ಲಿ ಉಳಿದ ಆಯಿಲ್ ಹೊಸದರೊಂದಿಗೆ ಬೆರೆಯಲು ಬಿಟ್ಟರೆ ಮಾಡಿದ ಕೆಲಸ ಅರ್ಧವಾಗುತ್ತದೆ. ಫಿಲ್ಟರಿನ ರಬ್ಬರ್ ಉಂಗುರಕ್ಕೆ ಹೊಸ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸುತ್ತೇನೆ. ವಾರಂಟಿ ಇರುವ ಗಾಡಿಯವರು ಇದನ್ನು ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ ಬಿಲ್ ಜೋಪಾನ ಮಾಡುವುದು ಒಳ್ಳೆಯದು.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಯವರು ಇನ್ನೂ ಎಚ್ಚರವಾಗಿರಬೇಕು. ಅದರ ಡಿಪಿಎಫ್ ಎಂಬ ಮಸಿ ಜರಡಿ ತನ್ನನ್ನು ಸುಟ್ಟು ಶುಚಿ ಮಾಡಿಕೊಳ್ಳಲು ಹೆಚ್ಚುವರಿ ಡೀಸೆಲ್ ಕೇಳುತ್ತದೆ. ಅಷ್ಟರಲ್ಲಿ ಮನೆ ಬಂತೆಂದು ಆಫ್ ಮಾಡಿದರೆ ಆ ಕೆಲಸ ಅರ್ಧಕ್ಕೇ ನಿಂತು, ಮುಂದಿನ ಸಲ ಮತ್ತೆ ಶುರುವಾಗುತ್ತದೆ. ಪ್ರತಿ ಪ್ರಯತ್ನದಲ್ಲೂ ಒಂದಿಷ್ಟು ಡೀಸೆಲ್ ಆಯಿಲ್‌ಗೆ ಸೇರುತ್ತದೆ, ಅದು ಪೆಟ್ರೋಲಿನಷ್ಟು ಸುಲಭವಾಗಿ ಹಾರಿಹೋಗುವುದಿಲ್ಲ. ತೋಟಕ್ಕೂ ಪೇಟೆಗೂ ಮಾತ್ರ ಓಡುವ ನಮ್ಮ ಪಕ್ಕದ ಮನೆಯವರ ಗಾಡಿಯಲ್ಲಿ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಈಗ ಅವರು ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡುತ್ತಾರೆ, ಡಿಪಿಎಫ್ ದೀಪ ಹತ್ತಿದರೆ ಸುಂಟಿಕೊಪ್ಪದವರೆಗೆ ಹೋಗಿ ಬರುತ್ತಾರೆ.

ತೆಗೆದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಹಲಸಿನ ಮರದ ಬುಡಕ್ಕೆ, ಬೇಲಿಯ ಕಂಬಕ್ಕೆ, ಚರಂಡಿಗೆ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಚರಂಡಿಯ ನೀರು ಕೊನೆಗೆ ಸೇರುವುದು ಕಾವೇರಿಯನ್ನು. ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿಸಿ, ಫಿಲ್ಟರನ್ನು ಬೋರಲು ಹಾಕಿ ಪೂರ್ತಿ ಸೋರಿಸಿ, ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಒಯ್ದು ಕೊಡುತ್ತೇನೆ. ಕೊಡುವ ಮುಂಚೆ ಕ್ಯಾನಿನ ಮೇಲೆ ದಿನಾಂಕ, ಕಿಲೋಮೀಟರ್ ಬರೆದು ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳುತ್ತೇನೆ. ಮುಂದಿನ ಬದಲಾವಣೆಯ ಲೆಕ್ಕ ಅಲ್ಲಿಂದ ಶುರು.