ಮೂಳೆಗೆ ದಿನಾ ಎಷ್ಟು ಹೋಗುತ್ತಿದೆ? ತಟ್ಟೆ ನೋಡಿ ಲೆಕ್ಕ ಹಾಕಿ

ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಸುಮ್ನೆ ಕೂರುವುದಿಲ್ಲ, ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಮೂವತ್ತು ದಾಟಿದವರಿಗಂತೂ ಇರುವ ಮೂಳೆಯನ್ನು ಉಳಿಸಿಕೊಳ್ಳುವುದೇ ಕೆಲಸ.

ಮೊದಲು ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1,200. ದರ್ಶಿನಿಯಲ್ಲಿ ನಿಂತು ಎರಡು ಇಡ್ಲಿ, ಅರ್ಧ ಕಾಫಿ ಮುಗಿಸಿ ಆಫೀಸಿಗೆ ಓಡುವವರ ಬೆಳಗಿನ ಖಾತೆ ಹೆಚ್ಚುಕಡಿಮೆ ಖಾಲಿ.

ಇನ್ನು ತುಂಬಿಸುವುದು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ 240ರ ಹತ್ತಿರ. ಎರಡು ಚಮಚ ಎಳ್ಳಿನ ಚಟ್ನಿಪುಡಿ, ಒಂದು ಬಟ್ಟಲು ಮೊಸರು, ನುಗ್ಗೆಸೊಪ್ಪಿನ ಪಲ್ಯ ಸೇರಿದರೆ ಗುರಿ ದೂರವಿಲ್ಲ. ಎಲ್ಲವನ್ನೂ ರಾತ್ರಿ ಊಟಕ್ಕೇ ತುರುಕಬೇಡಿ, ಒಂದೇ ಸಲ ಜಾಸ್ತಿ ಬಂದರೆ ದೇಹ ಹೀರಿಕೊಳ್ಳುವ ಪಾಲು ಕಡಿಮೆಯಾಗುತ್ತದೆ. ಪಾಲಕ್ ನಂಬಿ ಕೂರಬೇಡಿ: ಅದರಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಅದೇ ಸೊಪ್ಪಿನಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ನಮಗೆ ದಕ್ಕುವುದು ಚೂರೇ ಚೂರು.

ರಾಗಿಯಲ್ಲೂ ಫೈಟೇಟ್ ಅನ್ನುವ ಅಡ್ಡಿ ಇದೆ, ಅದಕ್ಕೇ ಮೊಳಕೆ ಕಟ್ಟುವುದು. ರಾಗಿಯನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆದು, ಕಲ್ಲು ಸೋಸಿ, ರಾತ್ರಿ ನೆನೆಸಿ. ಬೆಳಗ್ಗೆ ನೀರು ಪೂರ್ತಿ ಬಸಿದು ಒದ್ದೆ ಪಂಚೆಯಲ್ಲಿ ಗಂಟು ಕಟ್ಟಿ, ಬಟ್ಟೆ ಒಣಗಿದಾಗೆಲ್ಲ ನೀರು ಚಿಮುಕಿಸುತ್ತಿದ್ದರೆ ಒಂದೆರಡು ದಿನದಲ್ಲಿ ಬಿಳಿ ಎಳೆ ಇಣುಕುತ್ತದೆ. ಬೆಂಗಳೂರಿನ ಮಳೆಗಾಲದ ಚಳಿಯಲ್ಲಿ ಇನ್ನೂ ಸ್ವಲ್ಪ ತಡ. ಲೋಳೆಯಾಗಿ ಹುಳಿ ವಾಸನೆ ಬಂದರೆ ಎಸೆದುಬಿಡಿ. ಚೆನ್ನಾಗಿ ಒಣಗಿಸಿ, ಘಮ ಬರುವಷ್ಟು ಹುರಿದು, ಗಿರಣಿಗೆ ಕೊಡಿ. ಗಂಜಿಗೆ ಇದು ಭೇಷ್. ಮುದ್ದೆಗೆ ಮಾತ್ರ ಮಾಮೂಲಿ ಹಿಟ್ಟೇ ಸರಿ, ಇದು ಕಟ್ಟಲು ಬರುವುದಿಲ್ಲ.

ತಿಂದದ್ದು ಮೂಳೆ ಸೇರಲು ವಿಟಮಿನ್ ಡಿ ಬೇಕು. ಲಾಲ್‌ಬಾಗ್‌ನಲ್ಲಿ ಬೆಳಗ್ಗೆ ಆರೂವರೆ ವಾಕಿಂಗ್ ಒಳ್ಳೆಯದೇ, ಆದರೆ ಆ ಎಳೆ ಬಿಸಿಲಿನಲ್ಲಿ ಡಿ ಹುಟ್ಟುವುದು ತೀರಾ ಕಮ್ಮಿ. ಆಫೀಸಿನ ಗಾಜಿನ ಪಕ್ಕ ಕೂತರೂ ಅಷ್ಟೇ, ಬೇಕಾದ ಕಿರಣ ಗಾಜು ದಾಟುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಂಗಿಯ ತೋಳು ಮಡಚಿಕೊಂಡು ಸ್ವಲ್ಪ ಹೊತ್ತು ಹೊರಗೆ ಓಡಾಡಿ, ಚರ್ಮ ಸುಡುವಷ್ಟಲ್ಲ.

ಬೇಳೆ, ಕಾಳು, ಮೊಟ್ಟೆ ಬಿಡಬೇಡಿ, ಮೂಳೆಗೆ ಪ್ರೋಟೀನೂ ಬೇಕು. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಸೋರುತ್ತದೆ, ಹಾಗಾಗಿ ಉಪ್ಪಿನಕಾಯಿ, ಹಪ್ಪಳದ ಮೇಲೆ ಒಂದು ಕಣ್ಣಿರಲಿ.

ಮಾತ್ರೆ ಬೇಕೇ ಅನ್ನುವುದನ್ನು ಡಾಕ್ಟರ್ ಹೇಳಲಿ, ಕಿಡ್ನಿ ಕಲ್ಲಿನ ತೊಂದರೆ ಇದ್ದವರಂತೂ ಕೇಳದೆ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆ, ಐರನ್ ಮಾತ್ರೆ ಎರಡೂ ಬರೆದುಕೊಟ್ಟಿದ್ದರೆ ಬೇರೆ ಬೇರೆ ಹೊತ್ತಿಗೆ ತಗೊಳ್ಳಿ.