ಎದೆಬಡಿತದ ಲೆಕ್ಕ ಬರೆಯುವುದನ್ನು ಬಿಟ್ಟೆ

ಮೊದಲ ಸಲ ಆದದ್ದು 2022ರ ಡಿಸೆಂಬರಿನಲ್ಲಿ. ಕಲಬುರಗಿಯ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ನಾನು ಲೆಕ್ಕ ಬರೆಯುವ ಅಡತಿ ಅಂಗಡಿಯ ಗಾದಿ ಮೇಲೆ ಕೂತಿದ್ದೆ. ಆ ವರ್ಷ ತೊಗರಿಗೆ ನೆಟೆ ರೋಗ ಬಿದ್ದು, ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿ ನಿಂತಿತ್ತು. ಮುಂಗಡ ಒಯ್ದಿದ್ದ ರೈತರು ಬಂದು, ಮಾತಿಲ್ಲದೆ ಕೂತು, ಚಹಾನೂ ಕುಡಿಯದೆ ಎದ್ದು ಹೋಗುತ್ತಿದ್ದರು. ಅಂಥವರೊಬ್ಬರ ಖಾತೆ ತೆರೆದು ಬಾಕಿ ಕೂಡಿಸುತ್ತಿದ್ದೆ. ಕತ್ತಲಲ್ಲಿ ಇಳಿಯುವಾಗ ಪಾವಟಿಗೆ ಒಂದು ತಪ್ಪಿದರೆ ಹೇಗಾಗುತ್ತದೋ ಹಾಗಾಯಿತು ಎದೆಯಲ್ಲಿ. ಒಂದು ಗಳಿಗೆ ಏನೂ ಇಲ್ಲ, ಖಾಲಿ. ಆಮೇಲೆ ಗಂಟಲ ತನಕ ಬಂದು ಗುದ್ದಿದಂಥ ಒಂದೇ ಬಡಿತ. ಕೂಡಿಸುತ್ತಿದ್ದ ಮೊತ್ತ ಮರೆತೇ ಹೋಯಿತು.

ನನಗಾಗ 44. ಅದರ ಹಿಂದಿನ ವರ್ಷ, 2021ರ ಅಕ್ಟೋಬರ್ 29ಕ್ಕೆ, ಪುನೀತ್ ರಾಜಕುಮಾರ್ 46ನೇ ವಯಸ್ಸಿನಲ್ಲಿ ಹೋಗಿದ್ದರು. ಅಷ್ಟು ಗಟ್ಟಿ ಮನುಷ್ಯನೇ ಹೋದ ಮೇಲೆ ನನ್ನದೇನು ಎಂಬ ಮಾತು ಅಂದಿನಿಂದಲೂ ತಲೆಯಲ್ಲಿ ಕೂತಿತ್ತು. ಎಡಮಗ್ಗುಲಾಗಿ ಮಲಗಿದರೆ ದಿಂಬಿನೊಳಗೇ ಬಡಿತ ಕೇಳುತ್ತಿತ್ತು. ಎರಡು ಸಲ ನಡುರಾತ್ರಿ ದವಾಖಾನೆಗೆ ಓಡಿದೆ. ಎರಡೂ ಸಲ ಇಸಿಜಿ ನಾರ್ಮಲ್. ಒಂದು ಕಡೆ ಗ್ಯಾಸ್ ಅಂದರು, ಇನ್ನೊಂದು ಕಡೆ ಏನೂ ಹೇಳದೆ ಗುಳಿಗೆ ಬರೆದುಕೊಟ್ಟರು. ಇಸಿಜಿ ಹಿಡಿಯುವುದು ಬರೇ ಹತ್ತು ಸೆಕೆಂಡಿನ ಮಾತು, ಉಳಿದ ದಿನದ ಗತಿ ಅದಕ್ಕೆ ಗೊತ್ತಾಗುವುದಿಲ್ಲ ಎಂದು ಆಗ ಯಾರೂ ತಿಳಿಸಲಿಲ್ಲ. ಒಂದೇ ಒಂದು ಮಾತು ಬಿಡಿಸಿ ಹೇಳಿದ್ದರೆ ಒಂದು ತಿಂಗಳ ನಿದ್ದೆ ಉಳಿಯುತ್ತಿತ್ತು.

ಆಗ ನಾನು ನನಗೆ ಬರುವ ಕೆಲಸವನ್ನೇ ಮಾಡಿದೆ: ಒಂದು ವಹಿ ಹಾಕಿದೆ. ತಾರೀಖು, ವೇಳೆ, ನಾಡಿ ಎಷ್ಟು, ತಪ್ಪಿದ ಬಡಿತ ಎಷ್ಟು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ನಮ್ಮೂರಲ್ಲೇ ಆಗಿತ್ತು. ಆ ದಿನಗಳ ಭಯದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸಿದರೆ ನಾಡಿಯನ್ನೂ ತೋರಿಸುವ ಆಕ್ಸಿಮೀಟರ್ ಅಲಮಾರಿಯಲ್ಲಿತ್ತು. ಅದನ್ನು ಕಿಸೆಯಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗಲು ಶುರುಮಾಡಿದೆ. 72, 88, 104. ಅಂಕಿ ನೋಡಿದರೆ ಹೆದರಿಕೆ, ಹೆದರಿದರೆ ಅಂಕಿ ಇನ್ನೂ ಮೇಲೆ. ಎರಡು ತಿಂಗಳಲ್ಲಿ 60 ಪುಟ ತುಂಬಿತು.

“ರೀ, ಮತ್ತ ನಾಡಿ ಹಿಡ್ಕೊಂಡು ಕುಂತೀರೇನು? ಮುಂಜಾನೆ ಹುಡುಗಿ ಏನ್ ಕೇಳ್ತು ಗೊತ್ತದ? ಅಪ್ಪ ಯಾಕ ನನ್ನ ಕೂಡ ಮಾತಾಡಂಗಿಲ್ಲ ಅಂತ.” ನನ್ನ ಹೆಂಡತಿ ಹೀಗಂದ ವಾರವೇ ಹೃದಯದ ಡಾಕ್ಟರ್ ಹತ್ತಿರ ಹೋದೆ.

ಆ ಮೇಡಂ ಅರ್ಧ ತಾಸು ಬರೇ ಕೇಳಿದರು. ಎಂದಾದರೂ ಎಚ್ಚರ ತಪ್ಪಿದ್ದೀರಾ? ಹತ್ತುವಾಗ, ಓಡುವಾಗಲೇ ಹೀಗಾಗುತ್ತದೋ, ಸುಮ್ಮನೆ ಕೂತಾಗಲೋ? ಎದೆನೋವು, ದಮ್ಮು? ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರ್ ತೀರಿಕೊಂಡಿದ್ದಾರಾ? ದಮ್ಮಿನ ಪಂಪು, ನೆಗಡಿ ಗುಳಿಗೆ ಏನಾದರೂ ತೊಗೊಳ್ತೀರಾ? ಚಹಾ ಎಷ್ಟು? ಒಂಬತ್ತು ಕಪ್ ಅಂದೆ. ತಂಬಾಕು ಇದೆ ಅನ್ನುವುದನ್ನೂ ಹೇಳಿದೆ. ಹಿಮೋಗ್ಲೋಬಿನ್, ಥೈರಾಯ್ಡ್, ಪೊಟ್ಯಾಸಿಯಂ, ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿದರು. ಎಲ್ಲ ಸರಿ ಇತ್ತು. ಆಮೇಲೆ ಹೋಲ್ಟರ್ ಕಟ್ಟಿದರು.

ಹೋಲ್ಟರ್ ಅಂದರೆ ಎದೆಗೆ ಐದಾರು ಅಂಟುಪಟ್ಟಿ, ವೈರು, ನಡುವಿಗೆ ಒಂದು ಸಣ್ಣ ಡಬ್ಬಿ. ಒಂದು ದಿನ ಒಂದು ರಾತ್ರಿ ಮೈಮೇಲೆ ಇರಬೇಕು, ಸ್ನಾನ ಇಲ್ಲ. ಜೊತೆಗೊಂದು ಚೀಟಿ: ಏನಾದರೂ ಅನಿಸಿದಾಗ ವೇಳೆ ಬರೆಯಬೇಕು. ಅಂಗಿ ಒಳಗೆ ಅದನ್ನು ಇಟ್ಟುಕೊಂಡೇ ಅಂಗಡಿಗೆ ಹೋದೆ. ಟೆಂಡರ್ ಮುಗಿದು ತೂಕ ನಡೆಯಿತು, ಹಮಾಲರು ಕೂಗಿದರು, ನಾನು ಚೀಲ ಎಣಿಸಿದೆ. ರಾತ್ರಿ ಮಲಗಿ ಚೀಟಿ ಬರೆದೆ.

ವರದಿ ಬಂದಾಗ ಮೇಡಂ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಒಟ್ಟು ಬಡಿತ 1,06,000ಕ್ಕೂ ಮೇಲೆ. ಅದರಲ್ಲಿ ಅಕಾಲ ಬಡಿತ 380. ನಾನು ಚೀಟಿಯಲ್ಲಿ ಬರೆದದ್ದು 14, ಅವುಗಳಲ್ಲಿ 12 ರಾತ್ರಿ ಹತ್ತರ ಮೇಲಿನವು. ಇನ್ನು ಹಗಲು ತೂಕದ ಗದ್ದಲದ ಮೂರು ತಾಸಿನಲ್ಲಿ 90 ಬಂದಿದ್ದವು. ಆ 90ರಲ್ಲಿ ಒಂದೂ ನನಗೆ ತಿಳಿದಿರಲಿಲ್ಲ. ಆ ಕಾಗದವನ್ನು ನಾನು ಬಹಳ ಹೊತ್ತು ನೋಡಿದೆ. ಲೆಕ್ಕದ ಮನುಷ್ಯನಿಗೆ ಮಾತಿಗಿಂತ ಅಂಕಿ ಬೇಗ ನಾಟುತ್ತದೆ.

“ಬಡಿತ ತಪ್ಪಲತ್ತದ ಅಂತೀರಲ್ಲ, ತಪ್ಪಲತ್ತಿಲ್ಲ. ಒಂದು ಬಡಿತ ತನ್ನ ಪಾಳಿಗಿಂತ ಮೊದಲೇ ಬರ್ತದ” ಎಂದು ಅವರು ಬಿಡಿಸಿ ಹೇಳಿದರು. ಹೃದಯದ ಮೇಲ್ಭಾಗದಲ್ಲಿ ಒಂದು ಚಿಕ್ಕ ಗಂಟು ಇದೆ, ಪ್ರತಿ ಬಡಿತದ ಕರೆಂಟು ಅಲ್ಲಿಂದ ಹೊರಡುತ್ತದೆ. ನಡುನಡುವೆ ಬೇರೆ ಜಾಗದಿಂದ ಒಂದು ಮಿಡಿತ ಮುಂಚೆಯೇ ಹೊರಟುಬಿಡುತ್ತದೆ. ಅಷ್ಟರಲ್ಲಿ ಹೃದಯ ಪೂರಾ ತುಂಬಿರುವುದಿಲ್ಲ, ಹಾಗಾಗಿ ಅದು ಗೊತ್ತೇ ಆಗುವುದಿಲ್ಲ. ಅದಾದ ಮೇಲೆ ಸ್ವಲ್ಪ ವಿರಾಮ. ಆ ವಿರಾಮದಲ್ಲಿ ರಕ್ತ ಹೆಚ್ಚು ತುಂಬಿಕೊಂಡು ಮುಂದಿನ ಬಡಿತ ಜೋರಾಗಿ ಬೀಳುತ್ತದೆ. ನಮಗೆ ತಿಳಿಯುವುದು ಆ ಖಾಲಿ ಮತ್ತು ಆ ಗುದ್ದು ಎರಡೇ. ಡಾಕ್ಟರರು ಇದಕ್ಕೆ ಎಕ್ಟೋಪಿಕ್ ಅನ್ನುತ್ತಾರೆ. ಗಟ್ಟಿಮುಟ್ಟಾದವರಿಗೂ ಹೋಲ್ಟರ್ ಕಟ್ಟಿದರೆ ಬಹಳ ಜನರಲ್ಲಿ ಕಾಣುತ್ತವೆ. ಚಿಂತೆ, ನಿದ್ದೆಗೇಡು, ನಿಕೋಟಿನ್, ಜ್ವರ, ನೀರು ಕಡಿಮೆಯಾಗುವುದು, ಇವೆಲ್ಲ ಹೆಚ್ಚು ಮಾಡುತ್ತವೆ. ಚಿಂತೆಯಲ್ಲಿ ಏರುವ ಅಡ್ರಿನಲಿನ್ ಮಿಡಿತವನ್ನು ಕೆಣಕುತ್ತದೆ, ಮೈಯ ಸಣ್ಣ ಸದ್ದಿಗೂ ಕಿವಿ ಚುರುಕು ಮಾಡುತ್ತದೆ. ದಿನಕ್ಕೆ ಹತ್ತು ಸಾವಿರ ದಾಟಿದರೆ, ಇಲ್ಲವೇ ಎಕೋದಲ್ಲಿ ದೋಷ ಇದ್ದರೆ ಬೇರೆ ಮಾತು, ನಿಮ್ಮದು ಅದಲ್ಲ ಅಂದರು.

ಮೂರು ವಾರ ಹೂವಿನಂತೆ ಹಗುರಾಗಿದ್ದೆ. ನಾಲ್ಕನೇ ವಾರ ಮತ್ತೆ ಅದೇ: ಅಂದಿನ ಹೋಲ್ಟರ್ ಅಂದಿನದು, ಇಂದು ಬೇರೆ ಆಗಿದ್ದರೆ? ಇನ್ನೊಂದು ಎಕೋ ಮಾಡಿ ಅಂತ ಹೋದೆ. ಮೇಡಂ ಮಾಡಲಿಲ್ಲ. ಮನೋವೈದ್ಯರ ಕಡೆ ಚೀಟಿ ಕೊಟ್ಟರು. “ಮತ್ತೊಂದ್ ಸಲ ಮಾಡಿದ್ರೂ ಮೂರು ವಾರಕ್ಕ ಮತ್ತ ಬರ್ತೀರಿ.” ಆ ಹೊತ್ತಿಗೆ ಸಿಟ್ಟು ಬಂತು. ಈಗ ನೋಡಿದರೆ ನನಗೆ ಸಿಕ್ಕ ಔಷಧಿಗಳಲ್ಲಿ ಆ ಒಂದು ನಿರಾಕರಣೆಗೇ ಮೊದಲ ಸ್ಥಾನ.

ಅಲ್ಲಿನ ಆಪ್ತಸಮಾಲೋಚಕರಿಗೆ ವಹಿ ತೋರಿಸಿದೆ. ಪುಟ ತಿರುವಿ, ಇದನ್ನು ಇಲ್ಲೇ ಬಿಟ್ಟು ಹೋಗ್ತೀರಾ ಎಂದು ಕೇಳಿದರು. ಬಿಡಲಿಕ್ಕೆ ಕೈ ಬರಲಿಲ್ಲ, ಮುಂದಿನ ಭೇಟಿಗೆ ಬಿಟ್ಟೆ. ಆಕ್ಸಿಮೀಟರ್ ಹೆಂಡತಿಯ ಕೈಗೆ ಹೋಯಿತು. ನಾಡಿ ನೋಡಬೇಕು ಅನಿಸಿದರೆ ಹತ್ತು ನಿಮಿಷ ತಡೆಯಬೇಕು, ಮುಂದಿನ ವಾರ ಇಪ್ಪತ್ತು. ಬಹಳ ಸಲ ಇಪ್ಪತ್ತು ಮುಗಿಯುವಷ್ಟರಲ್ಲಿ ನೋಡುವ ಆಸೆಯೇ ಹೋಗಿರುತ್ತಿತ್ತು. ಇನ್ನೊಂದು ದಿನ ಅವರ ಕೋಣೆಯಲ್ಲೇ ಒಂದು ನಿಮಿಷ ನಿಂತಲ್ಲೇ ಓಡಲು ಹಚ್ಚಿದರು. ಎದೆ ಡವಡವ ಹೊಡೆದುಕೊಂಡಿತು. ಈಗ ಏನೂ ಮಾಡಬೇಡಿ, ಕೂತು ಅದನ್ನು ಇರಗೊಡಿ ಅಂದರು. ಐದು ನಿಮಿಷದಲ್ಲಿ ತಾನಾಗಿ ಇಳಿಯಿತು. ಹೆದರಿ ಬಿಟ್ಟಿದ್ದ ಅಂಗಡಿಯ ಮಾಳಿಗೆ ಪಾವಟಿಗೆಗಳನ್ನು ಮರುದಿನದಿಂದ ಬೇಕಂತಲೇ ಹತ್ತಿದೆ. ಇದೆಲ್ಲ ಹೃದಯದ ತಪಾಸಣೆ ಮುಗಿದ ಮೇಲೆ ಮಾಡಿದ್ದು ಎನ್ನುವುದನ್ನು ಮರೆಯಬೇಡಿ.

ಉಸಿರಿನ ಬಗ್ಗೆ ನನ್ನದೊಂದು ಮಾತು. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಇದು ನಿಜವಾಗಿ ಇಳಿಸುತ್ತದೆ. ಆದರೆ ಬಡಿತ ನಿಂತಿತೋ ಇಲ್ಲವೋ ಎಂದು ಕಾಯುತ್ತ ಮಾಡಿದರೆ ಅದೂ ನಾಡಿ ನೋಡಿದಂತೆಯೇ. ನಾನು ಈಗ ದಿನಾ ಮುಂಜಾನೆ ಅಪ್ಪನ ಕೆರೆ ಸುತ್ತು ಹಾಕಿ, ದಂಡೆಯಲ್ಲಿ ಕೂತು ಮಾಡುತ್ತೇನೆ, ಏನೂ ಆಗದ ಹೊತ್ತಿನಲ್ಲಿ. ಬೇಸಿಗೆಯಲ್ಲಿ ಐದೂವರೆಗೇ ಹೋಗಬೇಕು. 42 ಡಿಗ್ರಿ ದಾಟುವ ನಮ್ಮೂರ ಮೇ ತಿಂಗಳಲ್ಲಿ ನೀರು ಮರೆತ ದಿನ ಸಂಜೆ ಗುದ್ದುಗಳು ಹೆಚ್ಚುತ್ತವೆ, ಇದು ನನ್ನ ಮೈಯಲ್ಲೇ ಕಂಡದ್ದು. ಚಹಾ ಮೂರಕ್ಕೆ ಇಳಿಸಿದೆ. ಬಡಿತಕ್ಕಿಂತ ನಿದ್ದೆಗೆ ಅದರಿಂದ ಲಾಭವಾಯಿತು, ನಿದ್ದೆ ಬಂದದ್ದರಿಂದ ಉಳಿದದ್ದು. ತಂಬಾಕು ಬಿಡುವುದು ಎಲ್ಲಕ್ಕಿಂತ ಕಠಿಣವಾಗಿತ್ತು. ಎರಡು ತಿಂಗಳು ಬಡಿತದ ವೇಗ ಇಳಿಸುವ ಪ್ರೊಪ್ರನಲಾಲ್ ಸಣ್ಣ ಡೋಸ್ ಕೊಟ್ಟರು, ದಮ್ಮಿನ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಟ್ಟರು. ಇದನ್ನು ಒಬ್ಬರು ಇನ್ನೊಬ್ಬರಿಂದ ಕೇಳಿ ನುಂಗುವ ಗುಳಿಗೆ ಅಲ್ಲ.

ಆಮೇಲೆ ಬಂದ ಶರಣಬಸವೇಶ್ವರ ಜಾತ್ರೆಯ ತೇರಿನ ದಿನ ಮಗಳ ಕೈಹಿಡಿದು ನಿಂತಿದ್ದೆ. ಡೊಳ್ಳು, ಧೂಳು, ಹಿಂದಿನಿಂದ ನೂಕು. ಎದೆ ಕುದುರೆಯಂತೆ ಓಡಲು ಶುರುವಾಯಿತು, ಬೆವರು. ಹಿಂದಿನ ನಾನಾಗಿದ್ದರೆ ಮಗಳನ್ನು ಎಳೆದುಕೊಂಡು ಬಯಲಿಗೆ ಓಡುತ್ತಿದ್ದೆ. ಅಂದು ಪಾದ ನೆಲಕ್ಕೆ ಊರಿ ನಿಂತೆ. ಬರಲಿ, ಓಡಲಿ ಅಂದುಕೊಂಡೆ. ತೇರು ಹತ್ತಿರ ಬಂದಾಗ “ಅಪ್ಪಾ, ಎಸಿ ಎಸಿ” ಅಂತ ಮಗಳು ಕೈ ಜಗ್ಗಿದಳು, ಬಾಳೆಹಣ್ಣು ಎಸೆದೆ. ಬಡಿತ ಯಾವಾಗ ಇಳಿಯಿತೋ ನೋಡಲೇ ಇಲ್ಲ.

ಈಗಲೂ ಬರುತ್ತವೆ. ತೊಗರಿ ಸುಗ್ಗಿಯಲ್ಲಿ, ರೇಟು ಬಿದ್ದ ವಾರ, ಅವ್ವನಿಗೆ ಆರಾಮಿಲ್ಲದ ದಿನ ಹೆಚ್ಚು. ಎಚ್ಚರ ತಪ್ಪಿದರೆ, ಎದೆನೋವು ಅಥವಾ ದಮ್ಮು ಕೂಡಿ ಬಂದರೆ, ಓಡುವ ಬಡಿತ ನಿಲ್ಲದೇ ಹೋದರೆ 108ಕ್ಕೆ ಫೋನ್ ಮಾಡಬೇಕು ಎಂದು ಮನೆಯವರಿಗೆ ಹೇಳಿಟ್ಟಿದ್ದೇನೆ. ರಾತ್ರಿ ಬರೇ ಭಯ ಮೇಲೇರಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಎರಡು ಸಲ ಮಾತಾಡಿದ್ದೇನೆ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ.

ಕಳೆದ ಸುಗ್ಗಿಯಲ್ಲಿ ಅಂಗಡಿ ಮುಂದೆ ಕಾಳು ಹಸನು ಮಾಡುವ ಹೆಣ್ಣುಮಗಳೊಬ್ಬಳು ಬಂದಳು. “ಅಣ್ಣಾ, ನನಗೂ ನಿಮ್ಮಂಗೇ ಎದಿ ಹೊಡ್ಕೊಳ್ಳಲತ್ತದ. ಟೆನ್ಶನ್ನೇ ಇರಬೇಕಲ್ರಿ?” ಹೌದು ಅನ್ನುವುದು ಸುಲಭವಿತ್ತು. “ಅದು ಕಡೀಗಿ ಹೇಳೋ ಮಾತವ್ವ, ಮೊದಲ ರಕ್ತ ತೋರಸೋಣ” ಅಂದು, ಮರುದಿನ ನನ್ನ ಹೆಂಡತಿಯ ಜೊತೆ ಸರ್ಕಾರಿ ದವಾಖಾನೆಗೆ ಕಳಿಸಿದೆ. ಇಸಿಜಿ ಸರಿ ಇತ್ತು. ಹಿಮೋಗ್ಲೋಬಿನ್ ಬರೇ 7 ಇತ್ತು: ರಕ್ತಹೀನತೆ.